ಹದಿನೇಳನೆಯ ಮೇಕೆ ಮತ್ತು ನನ್ನ ನಾಲಿಗೆ

ಬೀದರ

ವಿಲಾಯತಿಗೆ ಹೋಗಿ ಬಂದವರು ಬರೆಯುವ ಪುಸ್ತಕಗಳಲ್ಲಿ ಅರಮನೆ, ಸೇತುವೆ, ಮಂಜು, ಎತ್ತರದ ಟೊಪ್ಪಿಗೆಯ ಕಾವಲುಗಾರರು ಎಲ್ಲ ಇರುತ್ತಾರೆ. ನಾನು ಅಲ್ಲಿ ಐದು ತಿಂಗಳಿದ್ದು ಹೆಚ್ಚಾಗಿ ನೋಡಿದ್ದು ಮೇಕೆಗಳ ಹಿಂಭಾಗವನ್ನು. ಅರಮನೆ ಬೇಕಾದವರು ಈ ಪುಟವನ್ನು ಇಲ್ಲಿಗೇ ಮಡಿಚಿಡಬಹುದು, ನನಗೆ ಬೇಸರವಿಲ್ಲ.

ಹೋದದ್ದೂ ಜ್ಞಾನದ ಹಸಿವಿನಿಂದಲ್ಲ. ಒಂದು ಕಾಗದಕ್ಕಾಗಿ ಹೋದೆ. ನಮ್ಮ ಬೀದರ ಜಿಲ್ಲೆ ಹೈದರಾಬಾದಿನಿಂದ ಕಳಚಿಕೊಂಡು ಮೈಸೂರು ರಾಜ್ಯಕ್ಕೆ ಸೇರಿದಾಗ ಕೋಟೆ ಇದ್ದಲ್ಲೇ ಇತ್ತು, ಬಾವಿಗಳು ಇದ್ದಲ್ಲೇ ಇದ್ದವು, ದನದ ದವಾಖಾನೆಯ ಮುಂದಿನ ಮುರುಕು ಗೂಟವೂ ಇದ್ದಲ್ಲೇ ಇತ್ತು. ಜಾಗ ಕದಲಿದ್ದು ನಮ್ಮಂಥ ನೌಕರರದು. ನಾನು ಹನ್ನೆರಡು ವರ್ಷದಿಂದ ಪಶುವೈದ್ಯ ಸಹಾಯಕ. ನನ್ನ ಸನದು, ಅಂದರೆ ಅರ್ಹತೆಯ ಪತ್ರ, ಉರ್ದುವಿನಲ್ಲಿತ್ತು. ದಕ್ಷಿಣದಿಂದ ಬಂದ ಹೊಸ ಸಾಹೇಬರು ಅದನ್ನು ಎರಡು ಕೈಯಲ್ಲಿ ಹಿಡಿದು, ಎಡಗಡೆಯಿಂದ ಕಣ್ಣು ಹಾಯಿಸಿ, ಬಲತುದಿಗೆ ಬಂದು ನಿಂತರು. ಅಲ್ಲಿಂದ ಮುಂದೆ ಹೋಗಲು ದಾರಿಯಿರಲಿಲ್ಲ.

"ಸಂಜೀವಪ್ಪನವರೇ, ಇದು ಸನದೋ, ಮದುವೆ ಕಾಗದವೋ ನನಗೆ ಹೇಗೆ ಗೊತ್ತಾಗಬೇಕು?" ಎಂದರು.

ಅನುವಾದ ಮಾಡಿಸಿದೆ. ಅನುವಾದಕ ನಿಜವಾಗಿ ಅನುವಾದಕನೇ ಎಂಬುದಕ್ಕೆ ಇನ್ನೊಂದು ಕಾಗದ ಕೇಳಿದರು. ಆ ಕಾಗದವೂ ಉರ್ದುವಿನಲ್ಲಿತ್ತು. ಕೊನೆಗೆ ತೀರ್ಮಾನವಾದದ್ದು ಇಷ್ಟು: ವರ್ಷದೊಳಗೆ ಹೊಸ ಸರಕಾರ ಒಪ್ಪುವಂಥ ಒಂದು ತರಬೇತಿಯ ಪತ್ರ ತರಬೇಕು, ಆಮೇಲೆ ಬೆಂಗಳೂರಿನಿಂದ ಬರುವ ಮಂಡಳಿಯ ಮುಂದೆ ನಿಲ್ಲಬೇಕು. ತರದಿದ್ದರೆ ನಾನು ಕಂಪೌಂಡರ್. ಹನ್ನೆರಡು ವರ್ಷ ಎಮ್ಮೆಯ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಿ ಕರು ತೆಗೆದವನು ಮತ್ತೆ ಔಷಧದ ಸೀಸೆ ತೊಳೆಯುತ್ತಾ ಕೂರಬೇಕು, ಅದೂ ನಾನೇ ಕೈಹಿಡಿದು ಕಲಿಸಿದವನ ಕೈಕೆಳಗೆ. ಆ ವಾರವೆಲ್ಲ ನನಗೆ ಅನ್ನ ಸೇರಲಿಲ್ಲ.

ದೇವರು ದಾರಿ ತೋರಿಸಿದ್ದು ಒಂದು ಮೇಕೆಯ ಮೂಲಕ. ನಮ್ಮ ಮಿಷನ್ ದವಾಖಾನೆಯಲ್ಲಿ ಒಬ್ಬ ನರ್ಸ್ ದೊರೆಸಾನಿ ಇದ್ದರು. ಅವರ ಮೇಕೆಗೆ ಮರಿ ಅಡ್ಡ ಬಂದಾಗ ನಾನು ಹೋಗಿ ಬಿಡಿಸಿದ್ದೆ. ಆಕೆಯ ಅಣ್ಣ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಪ್ರಾಣಿಗಳ ನಡವಳಿಕೆಯನ್ನು ಅಭ್ಯಾಸ ಮಾಡುವ ಪ್ರಯೋಗಾಲಯ ನಡೆಸುತ್ತಿದ್ದರು. ಮೇಕೆಗಳ ಜೊತೆ ಏಗುವ ಒಬ್ಬ ಸಹಾಯಕ ಬೇಕೆಂದು ತಂಗಿಗೆ ಬರೆದಿದ್ದರು. ತಂಗಿ ನನ್ನ ಹೆಸರು ಬರೆದರು. ಪತ್ರವ್ಯವಹಾರದಲ್ಲಿ ನಾನು ಕೇಳಿದ್ದು ಒಂದೇ: ಕೊನೆಗೆ ಇಂಗ್ಲಿಷಿನಲ್ಲಿ, ಮುದ್ರೆ ಸಹಿತ, ಒಂದು ಸನದು.

ನಮ್ಮ ಕಚೇರಿಯ ಚಪರಾಸಿ ಹುಸೇನ್ ಚಾಚಾಗೆ ಈ ವ್ಯವಹಾರವೇ ಹಿಡಿಸಲಿಲ್ಲ. ನಿಜಾಮನ ಕಾಲದಿಂದ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕುಳಿತು ಬಂದವರು ಅವರು.

"ಆಡ ನೋಡ್ಲಿಕ್ಕ ವಿಲಾಯತ್ ತನಕ ಯಾಕ ಹೊಂಟೀರಿ ಡಾಕ್ಟರ್ ಸಾಬ್? ಔರಾದ ಬಾಜಾರಕ ಹೋದ್ರ ಬೇಕಾದಷ್ಟು ಆಡ ಸಿಗ್ತಾವ್ರಿ."

"ಅಲ್ಲಿ ಆಡಿನ ಬುದ್ಧಿ ಅಳೀತಾರಂತ ಚಾಚಾ."

"ಅಳ್ದು?"

"ಬರ್ಕೋತಾರಂತ."

"ಬರ್ಕೊಂಡು?"

ಚಾಚಾ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಬಿಟ್ಟು 'ಲೊಚ್' ಎಂದರು. ಈ ಲೊಚ್ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಅರ್ಧ ಮಾತು ನಡೆಯುವುದೇ ಇದರಿಂದ. ಪಾಪ ಎನ್ನಲೂ ಲೊಚ್, ಇಲ್ಲ ಎನ್ನಲೂ ಲೊಚ್, ಯಾರಾದರೂ ಎಡವಿದರೆ, ಹಾಲು ಉಕ್ಕಿದರೆ, ಪಕ್ಕದವನು ತಪ್ಪು ದಾರಿ ಹಿಡಿದರೆ, ಎಲ್ಲಕ್ಕೂ ಅದೇ. ಯಾರೂ ಬೇಕೆಂದು ಮಾಡುವುದಲ್ಲ. ಉಸಿರಾಡುವಾಗ ಲೆಕ್ಕ ಇಡುತ್ತೇವೆಯೇ?

ಭಾಲ್ಕಿಯಿಂದ ಬಂದರಿಗೆ

ನಮ್ಮ ಹಳ್ಳಿ ಚಿಂತಾಕಿಯಿಂದ ಅವ್ವ ಭಾಲ್ಕಿ ಸ್ಟೇಷನ್ನಿಗೆ ಬಂದಿದ್ದಳು, ತಲೆಯ ಮೇಲೆ ಒಂದು ಗಂಟು. ಅದರಲ್ಲಿ ಜೋಳದ ಕಡಕ್ ರೊಟ್ಟಿ.

"ಅಲ್ಲಿ ಮಂದಿ ಏನ್ ತಿಂತಾರೋ ಏನೋ ಯಪ್ಪಾ. ನಾಕ್ ದಿನಾ ಕುಂತು ಬಡದೀನಿ. ಕೆಡಂಗಿಲ್ಲ. ದಿನಾ ಒಂದೊಂದು ತಿನ್ನು."

"ಅವ್ವಾ, ಹಡಗಿನಾಗ ಊಟ ಕೊಡ್ತಾರ."

"ಕೊಡ್ಲಿ. ಕೊಟ್ಟದ್ದು ತಿನ್ನು, ಮ್ಯಾಲ ಇದೂ ತಿನ್ನು."

ರೈಲಿನಲ್ಲಿ ಮುಂದಿನ ಸ್ಟೇಷನ್ ದಾಟುವಷ್ಟರಲ್ಲಿ ಎದುರು ಸೀಟಿನವರಿಗೆ ನನ್ನ ಹೆಸರು, ಹೆಂಡತಿಯ ತವರು, ಮಕ್ಕಳ ಸಂಖ್ಯೆ, ನನ್ನ ಹೊಟ್ಟೆಯ ತೊಂದರೆ ಎಲ್ಲ ಗೊತ್ತಾಗಿತ್ತು. ಹೊಟ್ಟೆಗೆ ಏನು ಮಾಡಬೇಕೆಂದು ಮೂವರು ಮೂರು ಮದ್ದು ಹೇಳಿದರು. ಐದು ತಿಂಗಳ ಮಟ್ಟಿಗೆ ಇದೇ ನಾನು ಮನುಷ್ಯರ ಜೊತೆ ಮಾಡಿದ ಕೊನೆಯ ಪ್ರಯಾಣ ಎಂದು ಆಗ ತಿಳಿದಿರಲಿಲ್ಲ.

ಹಡಗಿನ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಸಮುದ್ರ ದೊಡ್ಡದಾಗಿತ್ತು, ನಾನು ಮಲಗಿದ್ದೆ. ಆ ಕಡೆಯ ಬಂದರಿನಲ್ಲಿ ಸುಂಕದ ಅಧಿಕಾರಿ ಗಂಟು ಬಿಚ್ಚಿಸಿದ. ಒಂದು ರೊಟ್ಟಿ ಎತ್ತಿ ಮೇಜಿನ ಅಂಚಿಗೆ ತಟ್ಟಿದ, ಠಣ್ ಎಂದಿತು. ಬೆಳಕಿಗೆ ಹಿಡಿದ, ಮೂಸಿದ. ಇದು ಮನೆಯ ಸೂರಿಗೆ ಹೊದಿಸುವ ವಸ್ತುವೇ ಎಂದು ಬಹಳ ಮರ್ಯಾದೆಯಿಂದ ಕೇಳಿದ. ನಾನು ಅವನ ಎದುರೇ ಮುರಿದು ತಿಂದೆ. ಚೂರು ಅವನಿಗೂ ಕೊಟ್ಟೆ. ಬಹಳ ಹೊತ್ತು ಅಗಿದು, ನುಂಗಿ, ತನ್ನ ಕಾಗದದಲ್ಲಿ 'ಬಿಸ್ಕತ್ತು' ಎಂದು ಬರೆದುಕೊಂಡು ಒಳಗೆ ಬಿಟ್ಟ. ಅವ್ವನಿಗೆ ಇದನ್ನು ಬರೆಯಲಿಲ್ಲ, ಅವಳು ಆ ಅವಮಾನವನ್ನು ಮರೆಯುತ್ತಿರಲಿಲ್ಲ.

ಮಾತಾಡದವರ ಊರು

ಆ ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಜನ ಒಳ್ಳೆಯವರು, ಮುಂದೆ ಬರುವ ಕಥೆಯಿಂದ ಅವರಿಗೆ ಕೆಟ್ಟ ಹೆಸರು ಬರಬಾರದು.

ನಾನು ಇಳಿದುಕೊಂಡ ಮನೆಯ ಒಡತಿ ಒಬ್ಬ ವಿಧವೆ. ಆಕೆಯ ನಾಯಿ ಮೆತ್ತನೆಯ ಕುರ್ಚಿಯ ಮೇಲೆ ಕೂರುತ್ತಿತ್ತು, ನಾನು ಮರದ ಕುರ್ಚಿಯ ಮೇಲೆ. ನಾಯಿಯನ್ನು ದಾಟುವಾಗ ಆಕೆ 'ಕ್ಷಮಿಸು ಮರಿ' ಎನ್ನುತ್ತಿದ್ದರು. ನಮ್ಮಲ್ಲಿ ತಹಶೀಲ್ದಾರರಿಗೂ ಅಷ್ಟು ಮರ್ಯಾದೆ ಸಿಗುವುದಿಲ್ಲ. ಬೆಳಗಿನ ಊಟಕ್ಕೆ ಕುಳಿತರೆ ಚಮಚದ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಊಟವಾಯಿತೇ ಎಂದು ಯಾರೂ ಕೇಳುವುದಿಲ್ಲ, ಎಲ್ಲಿಗೆ ಹೊರಟಿರಿ ಎಂದು ಯಾರೂ ಕೇಳುವುದಿಲ್ಲ. ಮೊದಲ ವಾರ ನಾನು ಏನೋ ತಪ್ಪು ಮಾಡಿರಬೇಕು, ಊರೆಲ್ಲ ಮಾತು ಬಿಟ್ಟಿದೆ ಎಂದೇ ನಂಬಿದ್ದೆ.

ದಿನವೂ ಬಸ್ಸಿನಲ್ಲಿ ಒಬ್ಬ ದಪ್ಪ ಮೀಸೆಯವರು ನನ್ನ ಪಕ್ಕದಲ್ಲೇ ಕೂರುತ್ತಿದ್ದರು. ಐದು ತಿಂಗಳಲ್ಲಿ ಅವರು ನನ್ನ ಜೊತೆ ಎರಡು ಸಲ ಮಾತಾಡಿದರು. ಒಮ್ಮೆ, ಇಂದು ಮಳೆ ಬರಬಹುದು ಎಂದರು, ಆಗ ಮಳೆ ಸುರಿಯುತ್ತಲೇ ಇತ್ತು. ಇನ್ನೊಮ್ಮೆ ಕ್ಷಮಿಸಿ ಎಂದರು, ಆಗ ನಾನು ಅವರ ಕಾಲು ತುಳಿದಿದ್ದೆ. ಎರಡನೆಯ ಸಲ ನಾನು ಲೊಚಗುಟ್ಟಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಅವರ ಪಾಲಿಗೆ ಅದು ಮಾತೇ ಅಲ್ಲ, ಬಸ್ಸಿನ ಯಾವುದೋ ಮೊಳೆಯ ಸದ್ದು.

ಪ್ರಯೋಗಾಲಯ

ಊರ ಹೊರಗೆ ಉದ್ದನೆಯ ಇಟ್ಟಿಗೆ ಕಟ್ಟಡ, ಹಿಂದೆ ಮೇಕೆಗಳ ದೊಡ್ಡಿ. ಪ್ರೊಫೆಸರ್ ಪೆಂಬ್ರೂಕ್ ಬಾಗಿಲಲ್ಲೇ ಕೈಕುಲುಕಿದರು. ಉದ್ದನೆಯ, ತೆಳ್ಳಗಿನ ಮನುಷ್ಯ, ಮೊಣಕೈಗೆ ಚರ್ಮದ ತೇಪೆ ಹಾಕಿದ ಕೋಟು. ನಮ್ಮಲ್ಲಿ ತೇಪೆಯ ಕೋಟು ಹಾಕಿದವನನ್ನು ಕಚೇರಿಯೊಳಗೆ ಬಿಡುವುದಿಲ್ಲ, ಅಲ್ಲಿ ಅವರೇ ಕಚೇರಿ. ಸಂಜೀವಪ್ಪ ಎನ್ನಲು ಎರಡು ಸಲ ಪ್ರಯತ್ನಪಟ್ಟು, "ಮಿಸ್ಟರ್ ಸಂಜೀ, ಸಾಕಲ್ಲವೇ?" ಎಂದರು. ಅವರ ಇಂಗ್ಲಿಷನ್ನು ನಾನು ಪುಸ್ತಕದ ಕನ್ನಡಕ್ಕೆ ತಿರುಗಿಸಿ ಬರೆಯುತ್ತಿದ್ದೇನೆ, ಅವರ ಮಾತೂ ಹಾಗೆಯೇ ಇಸ್ತ್ರಿ ಮಾಡಿದಂತಿತ್ತು.

ಅವರ ಸಹಾಯಕಿ ಮಿಸ್ ವಿನಿಫ್ರೆಡ್ ನನಗೆ ಕಟ್ಟಡ ತೋರಿಸಿದಳು. ಮೊದಲ ಕೋಣೆಯಲ್ಲಿ ಒಬ್ಬ ವಿದ್ವಾಂಸರು ನಾಲ್ಕು ವರ್ಷ ದುಡಿದು, ಕೋಳಿಮರಿಗಳು ಗಿಡುಗದ ನೆರಳಿಗೆ ಹೆದರುತ್ತವೆ ಎಂದು ಕಂಡುಹಿಡಿದಿದ್ದರು. ಎರಡನೆಯ ಕೋಣೆಯವರು, ಹೊಟ್ಟೆ ತುಂಬಿದ ಇಲಿ ಹಸಿದ ಇಲಿಗಿಂತ ನಿಧಾನ ಓಡುತ್ತದೆ ಎಂಬಲ್ಲಿಗೆ ಬಂದು ನಿಂತಿದ್ದರು, ಇನ್ನೂ ಖಚಿತವಿರಲಿಲ್ಲ. ಮೂರನೆಯವರು ಒಂದು ಸಮುದ್ರಪಕ್ಷಿ ಹೆಣ್ಣನ್ನು ಕಂಡಾಗ ಎಷ್ಟು ಸಲ ಕತ್ತು ಬಗ್ಗಿಸುತ್ತದೆ ಎಂದು ಎಣಿಸುತ್ತಿದ್ದರು. ಅವರಿಗೆ ಮದುವೆಯಾಗಿರಲಿಲ್ಲ. ಚಿಂತಾಕಿಯ ಅವ್ವ ಈ ಮೂರನ್ನೂ ಬೆಳಗಿನ ಕಸ ಗುಡಿಸುತ್ತಲೇ ಹೇಳಿಬಿಡುತ್ತಿದ್ದಳು ಎಂದು ನಾನು ಮನಸ್ಸಿನಲ್ಲೇ ನಕ್ಕೆ.

ಆ ನಗು ಪೂರ್ತಿ ಸರಿಯಲ್ಲವೆಂದು ತಿಳಿಯಲು ನನಗೆ ಒಂದು ತಿಂಗಳು ಬೇಕಾಯಿತು. ಬಸುರಿ ಎಮ್ಮೆ ಗ್ರಹಣದಲ್ಲಿ ನೀರು ಕುಡಿದರೆ ಕರು ಕುಂಟಾಗುತ್ತದೆ ಎಂದೂ ಅವ್ವ ಅಷ್ಟೇ ಧೈರ್ಯದಿಂದ ಹೇಳುತ್ತಾಳೆ. ಗೊತ್ತಿರುವುದನ್ನು ಗೊತ್ತಿಲ್ಲವೆಂದುಕೊಂಡು ಮತ್ತೆ ಮೊದಲಿನಿಂದ ನೋಡುವ ಜನ ಇವರು. ನಮ್ಮಲ್ಲಿ ಗೊತ್ತಿಲ್ಲದ್ದನ್ನು ಗೊತ್ತೆಂದುಕೊಂಡು ಸಹಿ ಹಾಕುವವರೇ ಹೆಚ್ಚು.

ಆದರೆ ಒಂದು ನಿಯಮ ಮಾತ್ರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಪ್ರಾಣಿಗಳಿಗೆ ಹೆಸರಿಡುವಂತಿಲ್ಲ. ಹೆಸರಿಟ್ಟರೆ ಪ್ರೀತಿ ಬರುತ್ತದೆ, ಪ್ರೀತಿ ಬಂದರೆ ಲೆಕ್ಕ ಕೆಡುತ್ತದೆ. ಇಪ್ಪತ್ತು ಮೇಕೆಗಳ ಕಿವಿಗೂ ತಗಡಿನ ಬಿಲ್ಲೆ, ಒಂದರಿಂದ ಇಪ್ಪತ್ತು. ಹದಿನೇಳನೆಯದರ ಬಲಗಿವಿ ಹರಿದಿತ್ತು, ಮೈ ನಮ್ಮ ಕೆಮ್ಮಣ್ಣಿನ ಬಣ್ಣ. ಅದನ್ನು ನೋಡಿದ ಕೂಡಲೇ ನನ್ನ ಬಾಯಿಂದ "ಬಾ ಕೆಂಪಿ" ಎಂದು ಬಂದುಬಿಟ್ಟಿತು. ಅದು ಬಂತು. ನಾನು ಆ ಊರಿಗೆ ಬಂದ ಮೇಲೆ ಕರೆದಾಗ ಓಗೊಟ್ಟ ಮೊದಲ ಜೀವ ಅದು.

ಆಮೇಲೆ ದಿನವೂ ಕೆಂಪಿಯ ಜೊತೆ ಮಾತು. ಮನೆಯ ಸುದ್ದಿ, ಸನದಿನ ಚಿಂತೆ, ಎಲ್ಲ. ಅದು ನನ್ನ ಕೋಟಿನ ಗುಂಡಿ ಕಚ್ಚುತ್ತಿತ್ತು. ನಾನು ಲೊಚ್ ಎಂದರೆ ಬಿಟ್ಟು ಮುಖ ತಿರುಗಿಸುತ್ತಿತ್ತು. ತಿರುಗಿಸಿದಾಗ ಒಂದು ಚೂರು ರೊಟ್ಟಿ ಕೊಡುತ್ತಿದ್ದೆ. ಇದರಲ್ಲಿ ಏನಾದರೂ ವಿಜ್ಞಾನವಿದೆಯೆಂದು ನನಗೆ ಹೊಳೆದಿರಲಿಲ್ಲ.

ಎರಡು ಬಾಗಿಲು

ಪ್ರೊಫೆಸರರ ಪ್ರಯೋಗ ಹೀಗಿತ್ತು. ಒಂದು ಓಣಿಯ ಕೊನೆಯಲ್ಲಿ ಎರಡು ಬಾಗಿಲು. ಒಂದರ ಮೇಲೆ ಕಪ್ಪು ಬೊಟ್ಟು, ಇನ್ನೊಂದರ ಮೇಲೆ ಅಡ್ಡಗೆರೆ. ಬೊಟ್ಟಿನ ಬಾಗಿಲ ಹಿಂದೆ ಕಾಳು, ಗೆರೆಯ ಬಾಗಿಲ ಹಿಂದೆ ಏನೂ ಇಲ್ಲ. ಚಿತ್ರಗಳನ್ನು ಅದಲು ಬದಲು ಮಾಡುತ್ತಿರಬೇಕು. ಮೇಕೆ ಚಿತ್ರವನ್ನು ಗುರುತಿಸಲು ಕಲಿಯುತ್ತದೆಯೇ? ಈ ಪ್ರಶ್ನೆಗೆ ಅವರು ಮೂರು ವರ್ಷ ಕೊಟ್ಟಿದ್ದರು. ಇಪ್ಪತ್ತು ಮೇಕೆಗಳೂ ಮೂರು ವರ್ಷ ಮನಸ್ಸಿಗೆ ಬಂದ ಬಾಗಿಲಿಗೆ ಹೋಗಿದ್ದವು.

ಮೇಕೆಗೆ ಸುಳಿವು ಸಿಗಬಾರದೆಂದು ಅವರು ಪಟ್ಟ ಮುತುವರ್ಜಿ ನೋಡಿದರೆ ನಮ್ಮ ಪರೀಕ್ಷಾ ಮಂಡಳಿಗಳು ನಾಚಬೇಕು. ಓಣಿಯ ಬದಿಯಲ್ಲಿ ಒಂದು ಹಲಗೆ, ಅದರಲ್ಲಿ ಒಂದು ಸಣ್ಣ ಸೀಳು. ನಾನು ಹಲಗೆಯ ಹಿಂದೆ ಸ್ಟೂಲಿನ ಮೇಲೆ ಕೂತು ಸೀಳಿನಿಂದ ನೋಡಿ ಬರೆಯಬೇಕು. ಕೈ ಕಾಣಬಾರದು, ಮುಖ ಕಾಣಬಾರದು, ಮೈಯ ವಾಸನೆ ಬರಬಾರದೆಂದು ರಬ್ಬರಿನ ಮೇಲಂಗಿ. ವಿನಿಫ್ರೆಡ್ ಪಕ್ಕದ ಕೋಣೆಯಲ್ಲಿ ಗಡಿಯಾರ ಹಿಡಿದು ಗಂಟೆ ಬಾರಿಸುವಳು. ಇಷ್ಟೆಲ್ಲ ಮುಚ್ಚಿದವರು ನಾಲಿಗೆಯೊಂದನ್ನು ಮುಚ್ಚಲು ಮರೆತಿದ್ದರು. ಮಾತಾಡಬಾರದು ಎಂದಿದ್ದರು ನಿಜ, ನಾನು ಮಾತಾಡಲೂ ಇಲ್ಲ.

ನನ್ನ ಎರಡನೆಯ ತಿಂಗಳಲ್ಲಿ ಹದಿನೇಳು ಸರಿಯಾದ ಬಾಗಿಲಿಗೆ ಹೋಗತೊಡಗಿತು. ಒಂದು ದಿನವಲ್ಲ, ಪ್ರತಿದಿನ. ತಪ್ಪು ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕುವುದು, ನಿಲ್ಲುವುದು, ಯೋಚಿಸಿದಂತೆ ಕತ್ತು ಎತ್ತುವುದು, ತಿರುಗಿ ಬೊಟ್ಟಿನ ಬಾಗಿಲಿಗೆ ಹೋಗುವುದು. ಪ್ರೊಫೆಸರರ ಕೆನ್ನೆಗೆ ರಂಗು ಬಂತು. ಆ ನಿಲ್ಲುವಿಕೆಗೆ ಅವರು ಗ್ರೀಕಿನಿಂದ ಒಂದು ಹೆಸರು ತಂದರು. ಅದು ಮೇಕೆಯ ಆತ್ಮವಿಮರ್ಶೆಯ ಕ್ಷಣ ಎಂದು ನನಗೆ ವಿವರಿಸಿದರು. ವಿನಿಫ್ರೆಡ್ ನನ್ನ ಜಾಗದಲ್ಲಿ ಕೂತ ದಿನ ಮಾತ್ರ ಆತ್ಮವಿಮರ್ಶೆ ನಡೆಯಲಿಲ್ಲ. ಆಕೆ ಹಚ್ಚಿಕೊಂಡ ಪರಿಮಳ ಮೇಕೆಗೆ ಒಗ್ಗಲಿಲ್ಲವೆಂದು ತೀರ್ಮಾನವಾಯಿತು.

ಬೇರೆ ಬೇರೆ ವಿಶ್ವವಿದ್ಯಾಲಯಗಳ ಪಂಡಿತರನ್ನು ಒಂದು ದಿನ ಕರೆಸಿ ತೋರಿಸುವುದೆಂದು ನಿಶ್ಚಯವಾಯಿತು. ಪ್ರೊಫೆಸರರು ನನ್ನ ಹೆಗಲ ಮೇಲೆ ಕೈಯಿಟ್ಟು, "ಮಿಸ್ಟರ್ ಸಂಜೀ, ಅದು ಮುಗಿದ ಮರುದಿನವೇ ನಿಮ್ಮ ಪ್ರಮಾಣಪತ್ರ. ನಾನೇ ಬರೆಯುತ್ತೇನೆ" ಎಂದರು. ಆ ಸಂಜೆ ನಾನು ಎರಡು ರೊಟ್ಟಿ ತಿಂದೆ.

ಹಲ್ಲು

ಅತಿಥಿಗಳು ಬರಲು ಹದಿನೈದು ದಿನವಿರುವಾಗ ನನ್ನ ದವಡೆ ಹಲ್ಲಿನ ನೋವು ಎದ್ದಿತು. ಕೆನ್ನೆ ಬದನೆಕಾಯಿ. ಲವಂಗ ಕೇಳಿದರೆ ಒಡತಿ ಅದನ್ನು ಹಣ್ಣಿನ ಕಡುಬಿಗೆ ಮಾತ್ರ ಹಾಕುವುದು ಎಂದು ಆಶ್ಚರ್ಯಪಟ್ಟು, ಆದರೂ ಕೊಟ್ಟರು. ಹತ್ತಿಯಲ್ಲಿ ಲವಂಗ ಸುತ್ತಿ ಬಾಯಿಗೆ ತುರುಕಿ, ತಲೆಗೊಂದು ಉಣ್ಣೆಯ ಪಟ್ಟಿ ಬಿಗಿದುಕೊಂಡು ಕೆಲಸಕ್ಕೆ ಹೋದೆ. ನಾಲಿಗೆ ಕದಲಿಸಿದರೆ ಜೀವ ಹೋಗುತ್ತಿತ್ತು.

ಆ ವಾರ ಕೆಂಪಿ ಮತ್ತೆ ಮತ್ತೆ ತಪ್ಪಿತು. ತಪ್ಪು ಬಾಗಿಲ ಕಡೆಗೆ ಎರಡು ಹೆಜ್ಜೆ ಹಾಕಿ ನಿಲ್ಲುತ್ತಿತ್ತು, ಹಲಗೆಯ ಕಡೆಗೆ ಹರಿದ ಕಿವಿ ತಿರುಗಿಸುತ್ತಿತ್ತು, ಕಾಯುತ್ತಿತ್ತು, ಆಮೇಲೆ ಬೇಸತ್ತು ಮುಂದೆ ಹೋಗುತ್ತಿತ್ತು. ಪ್ರೊಫೆಸರರು ಮೇಕೆಯ ರಕ್ತ, ಹಿಕ್ಕೆ, ಕಣ್ಣು ಎಲ್ಲ ಪರೀಕ್ಷೆ ಮಾಡಿಸಿದರು. ಕಟ್ಟಡದಲ್ಲಿ ಎಲ್ಲರೂ ಮೇಕೆಯ ಆರೋಗ್ಯ ವಿಚಾರಿಸಿದರು. ನನ್ನ ಕೆನ್ನೆಯ ಬಗ್ಗೆ ಯಾರೂ ಕೇಳಲಿಲ್ಲ, ಕೇಳುವುದು ಮರ್ಯಾದೆಯಲ್ಲವಂತೆ.

ಏಳನೆಯ ದಿನ ಬಾವು ಇಳಿಯಿತು. ಹತ್ತಿ ತೆಗೆದು ಸ್ಟೂಲಿನ ಮೇಲೆ ಕೂತೆ. ಕೆಂಪಿ ತಪ್ಪು ಕಡೆ ಹೆಜ್ಜೆ ಇಟ್ಟಿತು. ಪಾಪ ಎನಿಸಿತು. ಆಗ ನನ್ನದೇ ಬಾಯಿಂದ ಬಂದ ಲೊಚ್ ನನಗೆ ಜೀವನದಲ್ಲಿ ಮೊದಲ ಸಲ ಕೇಳಿಸಿತು. ಕೆಂಪಿ ನಿಂತಿತು, ತಿರುಗಿತು, ಬೊಟ್ಟಿನ ಬಾಗಿಲು ತಳ್ಳಿ ಕಾಳು ತಿಂದಿತು.

ಮೇಕೆ ಚಿತ್ರ ನೋಡಿರಲೇ ಇಲ್ಲ. ಅದು ಕಲಿತದ್ದು ನನ್ನನ್ನು.

ಪ್ರೊಫೆಸರರ ಕೋಣೆಗೆ ಹೋಗಿ ಹೇಳಿದೆ. ಅವರು ಗಮನವಿಟ್ಟು ಕೇಳಿ, ಕನ್ನಡಕ ಒರೆಸಿಕೊಂಡು, ಮೃದುವಾಗಿ ನಕ್ಕರು. ನನ್ನ ವಿನಯ ಮೆಚ್ಚುವಂಥದ್ದು, ಆದರೆ ಅಷ್ಟು ಸಣ್ಣ ಸದ್ದು ಹತ್ತಡಿ ದೂರದ ಪ್ರಾಣಿಯ ತೀರ್ಮಾನ ಬದಲಿಸುವುದಿಲ್ಲ ಎಂದರು. ಮಾಡಿ ತೋರಿಸಿ ಎಂದರು, ತೋರಿಸಿದೆ. ಅವರಿಗೆ ಕೇಳಿಸಲಿಲ್ಲ. ನಿಜವಾಗಿಯೂ ಕೇಳಿಸಲಿಲ್ಲ. ಮೂರು ವರ್ಷ ಕಾದವರ ಕಿವಿ ಅದು, ನಾನು ತಪ್ಪೆನ್ನಲಾರೆ. ಹೊರಬರುವಾಗ, ಹೇಳುವುದನ್ನು ಹೇಳಿಯಾಯಿತು, ಇನ್ನು ಬಾಯಿ ಮುಚ್ಚಿಕೊಂಡು ಸನದು ತೆಗೆದುಕೊಂಡು ಹೋಗೋಣ ಎಂಬ ಆಸೆಯೂ ನನ್ನಲ್ಲಿತ್ತು. ಇಲ್ಲವೆಂದರೆ ಸುಳ್ಳಾದೀತು.

ಪಂಡಿತರು ಬಂದ ದಿನ

ಹದಿಮೂರು ಜನ ಪಂಡಿತರು ಬಂದರು. ಓಣಿಯ ಮೇಲ್ಗಡೆ ಗಾಜಿನ ಅಟ್ಟದಲ್ಲಿ ಸಾಲಾಗಿ ಕುಳಿತರು. ನಾನು ಹಲಗೆಯ ಹಿಂದೆ, ತುಟಿ ಬಿಗಿಹಿಡಿದು. ಇಂದು ಲೊಚ್ ಎನ್ನುವುದಿಲ್ಲ ಎಂದು ಬೆಳಿಗ್ಗೆ ಪ್ರಾರ್ಥನೆಯಲ್ಲೇ ನಿಶ್ಚಯಿಸಿದ್ದೆ. ಕೆಂಪಿ ತಪ್ಪಿದರೆ ತಪ್ಪಲಿ, ಮೇಕೆಗೆ ಇಂದು ಮನಸ್ಸಿಲ್ಲ ಎಂದುಕೊಂಡು ಎಲ್ಲರೂ ಚಹಾ ಕುಡಿದು ಹೋಗಲಿ, ನನ್ನ ಸನದು ನನಗೆ ಬರಲಿ.

ಗಂಟೆ ಬಡಿಯಿತು. ಕೆಂಪಿ ಎರಡು ಹೆಜ್ಜೆ ತಪ್ಪು ಕಡೆಗೆ ಹಾಕಿ ನಿಂತಿತು. ಹರಿದ ಕಿವಿ ನನ್ನ ಕಡೆಗೆ ತಿರುಗಿತು. ಆ ಊರಿನಲ್ಲಿ ಐದು ತಿಂಗಳಿಂದ ನನ್ನ ಮಾತಿಗೆ ಕಿವಿಗೊಟ್ಟದ್ದು ಆ ಒಂದೇ ಜೀವ. ಅದು ಕಾಯುತ್ತಿತ್ತು. ನಾನು ಹಲ್ಲು ಕಚ್ಚಿದೆ. ನಾಲಿಗೆ ನನ್ನ ಮಾತು ಕೇಳಲಿಲ್ಲ.

ಲೊಚ್.

ಕೆಂಪಿ ತಿರುಗಿ ಬೊಟ್ಟಿನ ಬಾಗಿಲಿಗೆ ಹೋಯಿತು. ಹದಿಮೂರು ಪಂಡಿತರೂ ಚಪ್ಪಾಳೆ ತಟ್ಟಿದರು. ಪ್ರೊಫೆಸರರು ಗಾಜಿನ ಹಿಂದೆ ತಲೆ ಬಾಗಿಸಿ ವಂದಿಸುತ್ತಿದ್ದರು, ಅವರ ಕಣ್ಣಲ್ಲಿ ನೀರಿತ್ತು. ಆ ನೀರು ನೋಡಿ ನನಗೆ ತಡೆಯಲಾಗಲಿಲ್ಲ. ಒಬ್ಬ ಮುದುಕ ನನ್ನ ಸುಳ್ಳಿನಿಂದ ಸಂತೋಷಪಡುವುದನ್ನು ನೋಡುತ್ತಾ ಕೂರುವಷ್ಟು ಗಟ್ಟಿ ಎದೆ ನನ್ನದಲ್ಲ. ರಬ್ಬರಿನ ಮೇಲಂಗಿ ಸಮೇತ ಹಲಗೆಯ ಹಿಂದಿನಿಂದ ಎದ್ದು ಓಣಿಗೆ ಬಂದೆ.

"ಇನ್ನೊಮ್ಮೆ ಬಿಡಿ, ಈ ಸಲ ಮೇಕೆ ಗೆರೆಯ ಬಾಗಿಲಿಗೆ ಹೋಗುತ್ತದೆ" ಎಂದೆ.

ಬಿಟ್ಟರು. ಕೆಂಪಿ ತಾನಾಗಿಯೇ ಬೊಟ್ಟಿನ ಕಡೆ ಹೊರಟಿತು. ಲೊಚ್ ಎಂದೆ. ತಿರುಗಿ, ಕಾಳಿಲ್ಲದ ಬಾಗಿಲಿಗೆ ಹೋಗಿ, ಒಳಗೆ ಏನೂ ಇಲ್ಲದ್ದನ್ನು ಕಂಡು ನನ್ನ ಕಡೆ ನೋಡಿತು. ಮತ್ತೊಮ್ಮೆ ಮಾಡಿಸಿದೆ. ಮೂರನೆಯ ಸಲಕ್ಕೆ ಯಾರೂ ಕೇಳಲಿಲ್ಲ. ಅಟ್ಟದಲ್ಲಿ ಕುರ್ಚಿಗಳು ಸರಿದ ಸದ್ದು ಕೇಳಿಸಿತು. ಒಬ್ಬ ಪಂಡಿತರು, ಇಂದು ಮಳೆ ಬರಬಹುದು ಎಂದರು.

ಎಲ್ಲರೂ ಹೋದ ಮೇಲೆ ಪ್ರೊಫೆಸರರು ಗೋಡೆಯ ಕರಿಹಲಗೆಯ ಮೇಲಿದ್ದ ಮೂರು ವರ್ಷದ ಅಂಕಿಗಳನ್ನು ತಾವೇ ಒರೆಸಿದರು. ನನ್ನನ್ನು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ಕೈಕುಲುಕಿ ಧನ್ಯವಾದ ಎಂದರು.

"ಪ್ರಮಾಣಪತ್ರ, ಸರ್?" ಎಂದೆ, ನಾಚಿಕೆ ಬಿಟ್ಟು.

"ಮಿಸ್ಟರ್ ಸಂಜೀ, ಯಶಸ್ವಿಯಾಗಿ ಪ್ರಯೋಗ ನಡೆಸಿದರು ಎಂದು ನಾನು ಬರೆಯಬೇಕಿತ್ತು. ಪ್ರಯೋಗ ನಡೆದೇ ಇಲ್ಲವೆಂದು ನೀವೇ ತೋರಿಸಿದಿರಿ. ಈಗ ಬರೆದರೆ ನಿಮ್ಮ ಸತ್ಯಕ್ಕೆ ನಾನು ಸುಳ್ಳಿನ ಮುದ್ರೆ ಒತ್ತಿದಂತಾಗುತ್ತದೆ."

ನನಗೆ ಸಿಟ್ಟು ಬಂತು, ಅಳುವೂ ಬಂತು, ಮೇಲೆ ಆ ಮನುಷ್ಯನ ಬಗ್ಗೆ ಗೌರವವೂ ಬಂತು. ಮೂರೂ ಒಟ್ಟಿಗೆ ಬಂದರೆ ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ದೊಡ್ಡಿಗೆ ಹೋಗಿ ಉಳಿದಿದ್ದ ಕೊನೆಯ ರೊಟ್ಟಿಯನ್ನು ಇಡಿಯಾಗಿ ಕೆಂಪಿಗೆ ಕೊಟ್ಟೆ. "ಹೋಗಿ ಬರ್ತೇನಿ ಕೆಂಪಿ" ಎಂದೆ. ಅದು ಗುಂಡಿ ಕಚ್ಚಿತು. ಆ ಸಲ ಬಿಡು ಎನ್ನಲಿಲ್ಲ, ಗುಂಡಿ ಅದಕ್ಕೇ ಇರಲಿ ಎಂದು ಬಿಟ್ಟುಬಂದೆ.

ಮತ್ತೆ ಬೀದರ

ಮಂಡಳಿ ಬರುವ ಮೊದಲು ವಿನಿಫ್ರೆಡ್ ಅಂಚೆಯಲ್ಲಿ ಒಂದು ಅಚ್ಚಾದ ಲೇಖನ ಕಳುಹಿಸಿದಳು. ಪ್ರೊಫೆಸರರು ಸೋಲನ್ನೇ ಹೊಸ ಪ್ರಯೋಗ ಮಾಡಿಕೊಂಡಿದ್ದರು: ವೀಕ್ಷಕನಿಗೆ ಅರಿವಿಲ್ಲದೆ ಅವನಿಂದ ಹೊರಡುವ ಸದ್ದನ್ನು ಮೇಕೆ ಹೇಗೆ ಕಲಿಯುತ್ತದೆ ಎಂಬುದು. ಪಂಡಿತರು ಬಹಳ ಮೆಚ್ಚಿದ್ದಾರೆಂದು ಆಕೆ ಬರೆದಿದ್ದಳು. ಅದರಲ್ಲಿ ಹದಿನೇಳನೆಯ ಮೇಕೆ ಇತ್ತು. ನಾನೂ ಇದ್ದೆ. ನನ್ನ ಹೆಸರು ಅಲ್ಲಿ 'ವೀಕ್ಷಕ ಬಿ'.

ಅದನ್ನೇ ಹಿಡಿದುಕೊಂಡು ಮಂಡಳಿಯ ಮುಂದೆ ನಿಂತೆ. ಬೆಂಗಳೂರಿನಿಂದ ಬಂದ ಮೂವರು ಅಧಿಕಾರಿಗಳು. ನಡುವಿನವರು ಲೇಖನ ತಿರುವಿ ಹಾಕಿದರು.

"ಇದರಲ್ಲಿ ನಿಮ್ಮ ಹೆಸರೇ ಕಾಣೋದಿಲ್ವಲ್ಲ?"

"ವೀಕ್ಷಕ ಬಿ ಅಂದ್ರ ನಾನೇರಿ ಸಾಹೇಬ್ರ."

"ಅದಕ್ಕೇನು ಪುರಾವೆ?"

ಸಾಕ್ಷಿ ಹೇಳಬೇಕಾದವಳು ಇಂಗ್ಲೆಂಡಿನ ದೊಡ್ಡಿಯಲ್ಲಿ ನನ್ನ ಗುಂಡಿ ಮೆಲ್ಲುತ್ತಿದ್ದಳು. ಲೇಖನವನ್ನು ಪಕ್ಕಕ್ಕಿಟ್ಟರು. ಸೀಸೆ ತೊಳೆಯುವ ನಲ್ಲಿಯ ಸದ್ದು ನನಗೆ ಆಗಲೇ ಕೇಳಿಸತೊಡಗಿತ್ತು.

"ಸರಿ, ಸನದು ಇಲ್ಲ. ನಿಯಮಾವಳಿಯಾದರೂ ಗೊತ್ತಿದೆಯಾ ನೋಡೋಣ. ಒಂದೇ ಪ್ರಶ್ನೆ. ಹಳ್ಳಿಯಲ್ಲಿ ದನಗಳಿಗೆ ಅಂಟುರೋಗ ಬಂದರೆ ಮೊದಲ ವರದಿ ಯಾರಿಗೆ? ತಹಶೀಲ್ದಾರರಿಗೋ, ಜಿಲ್ಲಾ ಪಶುವೈದ್ಯಾಧಿಕಾರಿಗೋ?"

ಹೊಸ ನಿಯಮಾವಳಿ ನಮ್ಮ ಕಚೇರಿಗೆ ಬಂದಿತ್ತು. ಅದಿದ್ದ ಬೀರುವಿನ ಬೀಗದ ಕೈ ವರ್ಗವಾಗಿ ಹೋದ ಗುಮಾಸ್ತರ ಜೊತೆ ಹೋಗಿತ್ತು. ಹನ್ನೆರಡು ವರ್ಷ ಚಿಂತಾಕಿಯಲ್ಲಾಗಲಿ ಠಾಣಾ ಕುಶನೂರದಲ್ಲಾಗಲಿ ರೋಗ ಬಂದರೆ ನಾವು ಓಡಿದ್ದು ತಹಶೀಲ್ದಾರರ ಹತ್ತಿರ. ನಾನು ಬಾಯಿ ತೆರೆದೆ.

"ತಹಶೀ..."

ಲೊಚ್.

ಬಾಗಿಲ ಬಳಿ ಹುಸೇನ್ ಚಾಚಾ ಚಹಾದ ತಾಟು ಹಿಡಿದು ಸ್ಟೂಲಿನ ಮೇಲೆ ಕುಳಿತಿದ್ದರು. ಅವರ ಕಣ್ಣು ಸೂರಿನ ಮೇಲಿತ್ತು. ಮೂವರು ಅಧಿಕಾರಿಗಳಲ್ಲಿ ಒಬ್ಬರೂ ತಿರುಗಿ ನೋಡಲಿಲ್ಲ, ಅವರಿಗೆ ಏನೂ ಕೇಳಿಸಿರಲಿಲ್ಲ. ನಾನು ಮಾತಿನ ನಡುವೆಯೇ ನಿಂತೆ. ನನ್ನ ಕತ್ತು ತಾನಾಗಿಯೇ ಸ್ವಲ್ಪ ಮೇಲೆ ಎದ್ದಿತು.

"...ತಹಶೀಲ್ದಾರರಿಗಿ ಅಲ್ಲರಿ. ಜಿಲ್ಲಾ ಪಶುವೈದ್ಯಾಧಿಕಾರಿಗಿ."

"ನೋಡಿ, ಎಷ್ಟು ಚೆನ್ನಾಗಿ ಯೋಚನೆ ಮಾಡಿ ಹೇಳಿದರು" ಎಂದು ನಡುವಿನವರು ಪಕ್ಕದವರಿಗೆ ಹೇಳಿದರು. ನನ್ನ ಹೆಸರಿನ ಮುಂದೆ ಗುರುತು ಹಾಕಿದರು. ಪಶುವೈದ್ಯ ಸಹಾಯಕ, ಖಾಯಂ.

ಹೊರಗೆ ಬಂದು ಚಾಚಾನ ಕೈ ಹಿಡಿದುಕೊಂಡೆ. "ಚಾಚಾ, ನಿಯಮ ನಿಮಗ ಹ್ಯಾಂಗ ಗೊತ್ತಿತ್ತರಿ?"

"ನಂಗ ಯಾವ ನಿಯಮ ಗೊತ್ತರಿ ಡಾಕ್ಟರ್ ಸಾಬ್? ಮುಂಜಾನಿಂದ ನಾಕ್ ಮಂದಿ ತಹಶೀಲ್ದಾರ್ ಅಂದ್ರು, ನಾಕೂ ಮಂದಿ ಮಾರಿ ಸಣ್ಣದು ಮಾಡ್ಕೊಂಡು ಹೊರಗ ಬಂದ್ರು. ನೀವೂ ಅದೇ ಶುರು ಮಾಡಿದ್ರಿ. ಪಾಪ ಅನಿಸ್ತು."

"ಅದಕ್ಕ ಲೊಚ್ ಅಂದ್ರಿ."

"ನಾನಾ?" ಚಾಚಾ ಗಾಬರಿಯಿಂದ ಬಾಗಿಲ ಕಡೆ ನೋಡಿದರು. "ಖುದಾನ ಆಣಿ, ನಾ ಏನೂ ಅಂದಿಲ್ಲರಿ. ಸಾಹೇಬ್ರು ಕುಂತಾಗ ನಾ ಬಾಯಿ ಬಿಡ್ತೇನೇನ್ರಿ?"

ಇಂಗ್ಲೆಂಡಿನಲ್ಲಿ ಹದಿಮೂರು ಪಂಡಿತರ ಮುಂದೆ ಎದ್ದು ನಿಂತವನು ನಾನು. ಈಗ ಮತ್ತೆ ಒಳಗೆ ಹೋಗಿ ನಿಜ ಹೇಳಬೇಕೇ ಎಂದು ಒಂದು ಗಳಿಗೆ ನಿಂತೆ. ಆದರೆ ಅಲ್ಲಿ ನಾನು ಹಲಗೆಯ ಹಿಂದೆ ಕೂತಿದ್ದೆ, ಇಲ್ಲಿ ಮೇಕೆಯ ಹಾಗೆ ಓಣಿಯಲ್ಲಿದ್ದೆ. ಕೆಂಪಿ ಒಂದು ದಿನವಾದರೂ ಅಟ್ಟದ ಕಡೆ ತಿರುಗಿ ತಪ್ಪೊಪ್ಪಿಕೊಂಡದ್ದನ್ನು ನಾನು ಕಂಡಿಲ್ಲ.

ಚಾಚಾ ಸ್ಟೂಲಿನ ಕೆಳಗಿನಿಂದ ತಮ್ಮ ಬುತ್ತಿ ತೆಗೆದರು. "ಮುಂಜಾನಿಂದ ಏನೂ ತಿಂದಂಗ ಕಾಣ್ಸಂಗಿಲ್ಲ, ತಗೋರಿ" ಎಂದು ಅರ್ಧ ರೊಟ್ಟಿ ಮುರಿದು ಕೈಗಿಟ್ಟರು. ನಾನು ನಿಂತಲ್ಲೇ ತಿಂದೆ.